ಎರಡೂ ಟೆಸ್ಟ್ ಮಾಡಿಸು ಸುಮಾ

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ ಕಣಮ್ಮ. ಪೂರ್ತಿ ಕೇಳಿಸಿಕೋ. ನಿಮ್ಮ ಯಜಮಾನರಿಗೆ ಎರಡು ತಿಂಗಳಿಂದ ಕಾಲು ಜೋಮು, ಮೆಟ್ಟಿಲು ಹತ್ತಲು ಆಗುತ್ತಿಲ್ಲ, ಈಗ ಒಂದು ಕಣ್ಣೂ ಮಂಜು ಅಂದೆ. ದಾವಣಗೆರೆ ಡಾಕ್ಟರು ಎಂಆರ್‌ಐ ಜೊತೆ ನರದ ಟೆಸ್ಟೂ ಬರೆದಿದ್ದಾರೆ. "ಎರಡೆರಡು ಯಾಕೆ, ಬಿ12 ಇಂಜೆಕ್ಷನ್ ಸಾಕು" ಅಂತ ಮಾವ ಗ್ರೂಪಿನಲ್ಲಿ ಹಾಕಿದ್ದಾರೆ. ಮಾವ, ಬೇಜಾರಾಗಬೇಡಿ. ಬಿ12 ಕಡಿಮೆಯಾದರೂ ಹೀಗಾಗುತ್ತದೆ, ರಕ್ತದಲ್ಲಿ ಅದನ್ನೂ ನೋಡಲಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನರರೋಗದ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೋರ್‌ವೆಲ್ ಮೋಟರಿನ ವೈರಿಗೆ ಮೇಲೆ ರಬ್ಬರ್ ಇರುತ್ತದಲ್ವಾ, ಹಾಗೆ ನರಕ್ಕೆ ಮೈಲಿನ್ ಅಂತ ಒಂದು ಪೊರೆ. ಸೋಂಕಿನ ಜೊತೆ ಹೋರಾಡಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ಕೆಲವರಲ್ಲಿ ಆ ಪೊರೆಯ ಮೇಲೇ ಬೀಳುತ್ತದೆ. ಮಿದುಳು, ಬೆನ್ನುಹುರಿ, ಕಣ್ಣಿನ ನರದಲ್ಲಿ ಆದರೆ ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ತರಹದ ಕಾಯಿಲೆ. ಕೈಕಾಲಿನ ನರದಲ್ಲಿ ಆದರೆ ಜಿಬಿಎಸ್ (ಗಿಲನ್-ಬಾರೆ ಸಿಂಡ್ರೋಮ್) ಇಲ್ಲವೇ ಸಿಐಡಿಪಿ ಅನ್ನುವ ದೀರ್ಘಕಾಲದ ಕಾಯಿಲೆ. ಜಿಬಿಎಸ್ 4 ವಾರದೊಳಗೆ ಏರಿ ನಿಲ್ಲುತ್ತದೆ. ಸಿಐಡಿಪಿ 8 ವಾರ ದಾಟಿದರೂ ಏರುತ್ತಲೇ ಇರುತ್ತದೆ. ಮಿದುಳಿನ ಕಡೆ, ಕೈಕಾಲಿನ ನರದ ಕಡೆ, ಹೀಗೆ ಎರಡೂ ಕಡೆ ಆಗುವುದು ಅಪರೂಪ, ಆದರೂ ಆಗುತ್ತದೆ. ಇವರಿಗೆ ಕಾಲೂ ಇದೆ, ಕಣ್ಣೂ ಇದೆ. ಮಿದುಳಿನ ಎಂಆರ್‌ಐ ಒಂದರಲ್ಲೇ ಕಾಲಿನ ನರದ ತೊಂದರೆ ಕಾಣುವುದಿಲ್ಲ. ಸಣ್ಣ ಕರೆಂಟ್ ಕೊಟ್ಟು ನರದ ವೇಗ ಅಳೆಯುವ ಟೆಸ್ಟಿನಲ್ಲಿ ಮಿದುಳಿನದು ತಿಳಿಯುವುದಿಲ್ಲ.

ಔಷಧಿಯೂ ಬೇರೆಬೇರೆ. ಎಂಎಸ್ ಜೋರಾದಾಗ ಮೊದಲು ಕೊಡುವುದೇ ಸ್ಟೀರಾಯ್ಡ್, ಜಿಬಿಎಸ್‌ಗೆ ಅದರಿಂದ ಪ್ರಯೋಜನವಿಲ್ಲ. ಎರಡೂ ಕಡೆ ಆದ ಕೆಲವರ ರಕ್ತದಲ್ಲಿ ನ್ಯೂರೋಫ್ಯಾಸಿನ್ 155 ಅನ್ನುವ ನರದ ಪ್ರೋಟೀನಿನ ವಿರುದ್ಧ ದೇಹವೇ ತಯಾರಿಸಿದ ಆ್ಯಂಟಿಬಾಡಿ ಸಿಗುತ್ತದೆ. ಅಂಥವರಲ್ಲಿ ಹೆಚ್ಚಿನವರಿಗೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಯ ಡ್ರಿಪ್) ಅಷ್ಟಾಗಿ ಹಿಡಿಯುವುದಿಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಹಿಡಿಯುತ್ತದೆ. ಐವಿಐಜಿ ಕೆಜಿಗೆ 2 ಗ್ರಾಂ ಲೆಕ್ಕ, 60 ಕೆಜಿ ಇರುವವರಿಗೆ 120 ಗ್ರಾಂ. ತುಂಬಾ ದುಬಾರಿ ಕಣಮ್ಮ. ಟೆಸ್ಟಿನ ದುಡ್ಡು ಉಳಿಸಲು ಹೋಗಿ ಹಿಡಿಯದ ಔಷಧಿಗೆ ಹೊಲ ಅಡ ಇಡಬೇಡಿ.

ನಮ್ಮೂರ ಬಿಸಿಲಲ್ಲಿ ಓಡಾಡಿದಾಗ, ಬಿಸಿನೀರಿನ ಸ್ನಾನ ಆದಮೇಲೆ ಕಣ್ಣು ಜಾಸ್ತಿ ಮಂಜಾಗುತ್ತದಾ ಕೇಳು, ಡಾಕ್ಟರಿಗೆ ಹೇಳು. ಉಸಿರು ಕಟ್ಟಿದರೆ, ನುಂಗಲು ಆಗದಿದ್ದರೆ, ಉಚ್ಚೆ ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡ. 108ಕ್ಕೆ ಫೋನ್ ಮಾಡಿ ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ರೇಷನ್ ಕಾರ್ಡ್, ಆಧಾರ್ ಒಂದೇ ಕವರಿನಲ್ಲಿ ಇಟ್ಟುಕೋ, ಆರೋಗ್ಯ ಕರ್ನಾಟಕ ಯೋಜನೆಗೆ ಕೇಳುತ್ತಾರೆ. ರಿಪೋರ್ಟ್ ಗ್ರೂಪಿಗೆ ಹಾಕಬೇಡ, ನನಗೊಬ್ಬಳಿಗೇ ಕಳಿಸು. ಟೆಸ್ಟಿನ ದಿನ ನಾನೂ ಬರುತ್ತೇನೆ.