ಶಾಲೆಯಿಂದ ಸೋಶಿಯಲ್ ವರ್ಕರ್ ಮನೆಗೆ ಬರುತ್ತಾರಂತೆ, ಏನು ಹೇಳಲಿ?

ಪ್ರಶ್ನೆ:
ನಾವು ಯಾದಗಿರಿ ಕಡೆಯವರು. ಮುಂಬೈನ ಗೋವಂಡಿಗೆ ಬಂದು ನಾಲ್ಕು ತಿಂಗಳಾಯಿತು. ಯಜಮಾನರದು ಸೆಂಟ್ರಿಂಗ್ ಕೆಲಸ, ನಾನು ಎರಡು ಮನೆ ಕೆಲಸಕ್ಕೆ ಹೋಗುತ್ತೇನೆ. ಮಗಳಿಗೆ 11 ವರ್ಷ. ಊರಲ್ಲಿ ಕನ್ನಡದಲ್ಲಿ ಓದುತ್ತಿದ್ದಳು, ಇಲ್ಲಿ ಹಿಂದಿ ಶಾಲೆಗೆ ಹಾಕಿದೆವು. ಊರಿಂದ ಟಿಸಿ ಇನ್ನೂ ಬಂದಿಲ್ಲ. ಎರಡು ವಾರದಿಂದ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಅನ್ನುತ್ತಾಳೆ. ಹನ್ನೊಂದು ಗಂಟೆಗೆ ಸರಿಯಾಗುತ್ತಾಳೆ! ಮನೆಯಲ್ಲಿದ್ದಾಗ ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಮಗುವನ್ನು ಕೆಲಸಕ್ಕೆ ಇಟ್ಟಿದ್ದೇವೆ ಅಂತ ಅವರು ಬರೆದುಕೊಂಡು ಹೋದರೆ?

ಉತ್ತರ 1:
ಅಕ್ಕ, ನಾನೂ ಸೋಶಿಯಲ್ ವರ್ಕರ್. ದೇವನಾರಿನ ಟಿಸ್‌ನಲ್ಲಿ, ಅಂದರೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಓದಿದೆ. ಬಾಗಿಲು ತೆರೆಯುವ ಎಷ್ಟೋ ತಾಯಂದಿರ ಮುಖದಲ್ಲಿ ಇದೇ ಭಯ ನೋಡಿದ್ದೇನೆ. ತಪ್ಪು ಹಿಡಿಯಲು ನಾವು ಬರುವುದಿಲ್ಲ. ಮಗು ಯಾಕೆ ಬರುತ್ತಿಲ್ಲ ಅನ್ನುವುದು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ, ಮನೆಯಲ್ಲಿ ಇರುತ್ತದೆ. ಅದಕ್ಕೇ ಬರುತ್ತೇವೆ.

ಇದ್ದದ್ದು ಇದ್ದ ಹಾಗೆ ಹೇಳಿ. ತಮ್ಮನ ವಿಷಯವನ್ನೂ ಹೇಳಿ. ಮೂರು ವರ್ಷ ಅಂದರೆ ಅಂಗನವಾಡಿಗೆ ಸೇರಿಸಬಹುದು, ಅಲ್ಲಿಯವರ ಹತ್ತಿರ ಸೋಶಿಯಲ್ ವರ್ಕರೇ ಮಾತಾಡಿಕೊಡುತ್ತಾರೆ. ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮುಂಬೈ ಪಾಲಿಕೆಯಲ್ಲಿ ಕನ್ನಡ ಶಾಲೆಗಳೂ ಇವೆ. ಹತ್ತಿರ ಯಾವುದಿದೆ ಕೇಳಿ.

ನನಗೆ ಯೋಚನೆ ಆ ಹೊಟ್ಟೆನೋವಿನದು. ಡಾಕ್ಟರಿಗೆ ಒಮ್ಮೆ ತೋರಿಸಿ. ಆಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡು ನಿಧಾನಕ್ಕೆ ಕೇಳಿ. ಒಬ್ಬಳು ಹುಡುಗಿಗೆ ಹೀಗೇ ಆಗುತ್ತಿತ್ತು. ನೋಡಿದರೆ ಶಾಲೆಯ ಶೌಚಾಲಯಕ್ಕೆ ಚಿಲಕವೇ ಇರಲಿಲ್ಲ! ಚಿಲಕ ಹಾಕಿಸಿದೆವು, ಬಂದಳು. ಯಾರಾದರೂ ಹೊಡೆದಿದ್ದಾರೆ, ಕೆಟ್ಟದಾಗಿ ಮುಟ್ಟಿದ್ದಾರೆ ಅಂತ ಹೇಳಿದರೆ ಮಾತ್ರ ಯಾರಿಗೂ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. 1996ರಲ್ಲಿ ನಮ್ಮ ಟಿಸ್‌ನಿಂದಲೇ ಶುರುವಾದ ನಂಬರ್ ಅದು.

ಉತ್ತರ 2:
ನಾನು ಹಗಲು ಹೋಟೆಲಲ್ಲಿ ಲೋಟ ತೊಳೆದು, ಫೋರ್ಟ್‌ನಲ್ಲಿ ಕನ್ನಡ ರಾತ್ರಿ ಶಾಲೆಗೆ ಹೋದವನು. ಎಂಟನೇ ಕ್ಲಾಸಲ್ಲಿ ಬಿಟ್ಟೆ. ಯಾಕಪ್ಪಾ ಬರುತ್ತಿಲ್ಲ ಅಂತ ಒಬ್ಬರೂ ಹುಡುಕಿಕೊಂಡು ಬರಲಿಲ್ಲ. ನಿಮ್ಮ ಮನೆಗೆ ಬರುತ್ತಿದ್ದಾರಲ್ಲ ತಾಯಿ, ಕೂರಿಸಿ ಚಹಾ ಕೊಡಿ.

ಪ್ರಶ್ನೆ ಕೇಳಿದವರು:
ರಾತ್ರಿ ಕೇಳಿದೆ. ಎದ್ದು ನಿಂತು ಹಿಂದಿ ಓದಿದರೆ ಹಿಂದಿನ ಬೆಂಚಿನವರು ನಗುತ್ತಾರಂತೆ. ಹೇಳುತ್ತಾ ಅತ್ತುಬಿಟ್ಟಳು. ಗುರುವಾರ ಎರಡು ಗಂಟೆ ಮೇಲೆ ಮನೆಯಲ್ಲೇ ಇರುತ್ತೇನೆ, ಬನ್ನಿ ಅಂತ ಶಾಲೆಗೆ ಹೇಳಿ ಕಳಿಸಿದ್ದೇನೆ.