ಟೆಂಪೋ ಟ್ರಾವೆಲರ್ ಹಿಡಿಸುವ ಪೇಂಟ್ ಬೂತ್‌ಗೆ ಗುಂಡಿ ತೋಡಿಸಬೇಕೇ?

ಗ್ಯಾರೇಜ್ ಮಾಲೀಕ, ಮಂಡ್ಯ

ಮಾನ್ಯರೇ, ಮಂಡ್ಯದ ಹೊರವಲಯದಲ್ಲಿ, ಗದ್ದೆ ಬಯಲಿಗೆ ಹೊಂದಿಕೊಂಡಂತೆ ನಮ್ಮ ಡೆಂಟಿಂಗ್-ಪೇಂಟಿಂಗ್ ಶೆಡ್ ಇದೆ. ಇದುವರೆಗೆ ಪರದೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಬಣ್ಣ ಹೊಡೆಯುತ್ತಿದ್ದೇವೆ. ಕಬ್ಬು ಅರೆಯುವ ತಿಂಗಳುಗಳಲ್ಲಿ ಆಲೆಮನೆಗಳ ಕರಿ ಹಾರಿಬಂದು ಹಸಿ ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ) ಮೇಲೆ ಕೂರುವುದರಿಂದ ಬಾನೆಟ್ಟನ್ನು ಮತ್ತೆ ಉಜ್ಜಿ ಹೊಡೆಯಬೇಕಾಗುತ್ತದೆ. ಬರುವ ವಾಹನಗಳಲ್ಲಿ ಕಾರುಗಳೇ ಹೆಚ್ಚು, ಆಗಾಗ ಟೆಂಪೋ ಟ್ರಾವೆಲರ್ ಕೂಡ ಇರುತ್ತದೆ. ಅದಕ್ಕೇ ಶೆಡ್ಡಿನೊಳಗೆ ಪೇಂಟ್ ಬೂತ್, ಅಂದರೆ ಸೋಸಿದ ಗಾಳಿ ಹಾಯಿಸುವ ಮುಚ್ಚಿದ ಕೋಣೆ, ಕೂರಿಸಬೇಕೆಂದಿದ್ದೇವೆ. ಶೆಡ್ಡಿನ ಎತ್ತರ 14 ಅಡಿ. ಒಬ್ಬರು ನೆಲದಲ್ಲಿ ಗುಂಡಿ ತೋಡಿ, ಚಾವಣಿಯಿಂದ ಕೆಳಕ್ಕೆ ಗಾಳಿ ಇಳಿಯುವ ಬೂತ್ ಸೂಚಿಸಿದ್ದಾರೆ. ಇನ್ನೊಬ್ಬರು ಮುಂಬಾಗಿಲಿನಿಂದ ಹಿಂಗೋಡೆಗೆ ಗಾಳಿ ಎಳೆಯುವ, ಸಾಕಷ್ಟು ಅಗ್ಗದ ಬೂತ್ ಸೂಚಿಸಿದ್ದಾರೆ. ಯಾವುದನ್ನು ಆರಿಸುವುದು ಸೂಕ್ತ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಬೂತ್ ವಿನ್ಯಾಸಕ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಸರ್, ಗೋಡೆ, ಬಾಗಿಲುಗಳನ್ನು ನೋಡಿ ಬೂತ್ ಆರಿಸಬೇಡಿ, ಗಾಳಿಯ ಲೆಕ್ಕದಿಂದ ಆರಂಭಿಸಿ. ನಿಮ್ಮ ಕೆಲಸಕ್ಕೆ ಒಳಅಳತೆ 8 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ ಬೇಕೆಂದುಕೊಳ್ಳೋಣ. ಕೆಳಮುಖ ಗಾಳಿಯ ಬೂತ್‌ನಲ್ಲಿ ಗಾಳಿ ಸೆಕೆಂಡಿಗೆ 0.25 ಮೀಟರ್ ವೇಗದಲ್ಲಿ ಇಳಿಯಬೇಕಾದರೆ, 32 ಚದರ ಮೀಟರ್ ನೆಲಕ್ಕೆ ಗಂಟೆಗೆ 28,800 ಘನ ಮೀಟರ್ ಗಾಳಿ ಬೇಕು. ಅಡ್ಡಗಾಳಿಯ ಬೂತ್‌ನಲ್ಲಿ ವೇಗ 0.5 ಮೀಟರ್ ಇದ್ದರೂ ಗಾಳಿ ಹಾಯುವ ಅಡ್ಡಕೊಯ್ತ 12 ಚದರ ಮೀಟರ್ ಮಾತ್ರವಾದ್ದರಿಂದ 21,600 ಘನ ಮೀಟರ್ ಸಾಕಾಗುತ್ತದೆ. ಬ್ಲೋವರ್ ಚಿಕ್ಕದಾಗುತ್ತದೆ, ಗುಂಡಿಯ ಖರ್ಚೂ ಉಳಿಯುತ್ತದೆ. ಅದು ಅಗ್ಗವಾಗಿರುವುದು ಇದರಿಂದಲೇ. ಆದರೆ ಬಾನೆಟ್ ಮೇಲೆ ಹೊಡೆದ ಬಣ್ಣದ ತುಂತುರು ಇಡೀ ವಾಹನವನ್ನು ಸವರಿಕೊಂಡು ಡಿಕ್ಕಿಯವರೆಗೆ ಸಾಗುತ್ತದೆ. ಬಿಡಿ ಬಂಪರ್, ಬಾಗಿಲುಗಳಿಗಾದರೆ ಅದು ನಡೆದೀತು. ಪೂರ್ತಿ ವಾಹನ ಬಳಿಯುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಹಾಗೆಂದು ನಿಮ್ಮ ಜಾಗದಲ್ಲಿ ಗುಂಡಿಯೂ ಬೇಡ. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಬಯಲಿನಲ್ಲಿ, ಗದ್ದೆಗೆ ನೀರು ನಿಂತಾಗ ಅಂತರ್ಜಲ ಮೇಲೇರಿ ಗುಂಡಿಯೊಳಗೆ ಜಿನುಗುತ್ತದೆ. ನೆಲದ ಫಿಲ್ಟರ್ ಒದ್ದೆಯಾಗುವುದಲ್ಲದೆ, ಆ ತೇವ ಬೂತ್‌ನೊಳಗೇ ಸೇರುತ್ತದೆ. ನೆಲದ ಮೇಲೆ ಸುಮಾರು 350 ಮಿಲಿಮೀಟರ್ ಎತ್ತರದ ಉಕ್ಕಿನ ಅಡಿಗಟ್ಟು ಕೂರಿಸಿ, ಅದರ ಮೇಲೆ ಜಾಲರಿ ಹಾಸಿ, ವಾಹನ ಹತ್ತಲು ಮುಂದೆ ಇಳಿಜಾರು ಕೊಡಿ. ಅಡಿಗಟ್ಟು, 3 ಮೀಟರ್ ಒಳಎತ್ತರ ಮತ್ತು ಚಾವಣಿಯ ಫಿಲ್ಟರ್ ಮೇಲಿನ ಅರ್ಧ ಮೀಟರ್ ಗಾಳಿಪೆಟ್ಟಿಗೆ ಸೇರಿ 3.85 ಮೀಟರ್ ಆಗುತ್ತದೆ. ನಿಮ್ಮ 14 ಅಡಿ ಎಂದರೆ ಸುಮಾರು 4.27 ಮೀಟರ್, ಹಾಗಾಗಿ ಕೂರುತ್ತದೆ. ಬ್ಲೋವರ್‌ಗಳನ್ನು ಮಾತ್ರ ಪಕ್ಕಕ್ಕೆ ಇಡಬೇಕು. ಟ್ರಾವೆಲರ್‌ನ ಚಕ್ರ ಓಡುವ ಎರಡು ಪಟ್ಟಿಗಳಲ್ಲಿ ಜಾಲರಿಯ ದಪ್ಪ ಹೆಚ್ಚಿಸಲು ಹೇಳಿ.

ಆಲೆಮನೆಯ ಕರಿಗೆ ಚಾವಣಿಯ ಫಿಲ್ಟರ್ ಒಂದನ್ನೇ ನೆಚ್ಚಬೇಡಿ. ಹೊರಗಾಳಿ ಎಳೆಯುವ ಬಾಯಿಯಲ್ಲೇ, ಸುಲಭವಾಗಿ ಕಳಚಿ ಬದಲಿಸಬಹುದಾದ ಮುಂಗಡ ಫಿಲ್ಟರ್ ಇರಲಿ. ಗೋಡೆಯ ಪ್ಯಾನೆಲ್‌ಗಳಿಗೆ ಬೆಂಕಿ ಹತ್ತುವ ಥರ್ಮೋಕೋಲ್ ತುಂಬಿದ್ದು ಬೇಡ, ಬೆಂಕಿ ಹತ್ತದ ಕಲ್ಲುನಾರಿನ ರಾಕ್‌ವುಲ್ ಕೇಳಿ. ಥಿನ್ನರ್ ಆವಿ ಇರುವ ಜಾಗದಲ್ಲಿ ಈ ವಿಷಯದಲ್ಲಿ ಚೌಕಾಸಿ ಸಲ್ಲದು.

ಹಿರಿಯ ಪೇಂಟರ್, ಮೈಸೂರು

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಸ್ಪ್ರೇ ಗನ್ ಹಿಡಿಯುವವನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಗಟ್ಟಿಯಾಗಲೆಂದು ಹಾರ್ಡ್‌ನರ್ ಬೆರೆಸುವ ಕ್ಲಿಯರ್ ಕೋಟ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಆಸ್ತಮಾ ತರಿಸುತ್ತದೆ, ಮತ್ತು ಅಪಾಯದ ಮಟ್ಟದಲ್ಲಿದ್ದಾಗಲೂ ಅದರ ವಾಸನೆ ಮೂಗಿಗೆ ತಿಳಿಯುವುದಿಲ್ಲ. ಬೂತ್ ಎಷ್ಟೇ ಚೆನ್ನಾಗಿದ್ದರೂ ಕೊಳವೆಯ ಮೂಲಕ ಶುದ್ಧ ಗಾಳಿ ಬರುವ ಮುಖಗವಸು ಬೇಕೇ ಬೇಕು, ಆದ್ದರಿಂದ ಅದಕ್ಕೆ ಬೇಕಾದ ಗಾಳಿಯ ಲೈನನ್ನು ವಿನ್ಯಾಸದಲ್ಲೇ ಸೇರಿಸಿಬಿಡಿ. ಬ್ಲೋವರ್ ಓಡದಿದ್ದರೆ ಗನ್‌ಗೆ ಗಾಳಿಯೇ ಹೋಗದಂತೆ ವಾಲ್ವ್ ಹಾಕಿಸುವುದೂ ಒಳ್ಳೆಯದು.

ಬೂತ್ ಕೂರಿಸಿದ ದಿನ, ಬಣ್ಣ, ಥಿನ್ನರ್ ಶೆಡ್ಡಿನೊಳಗೆ ಬರುವ ಮೊದಲೇ, ಬ್ಲೋವರ್ ಹಾಕಿ ಊದುಬತ್ತಿಯೊಂದನ್ನು ಮೂಲೆಮೂಲೆಗೂ ಹಿಡಿದು ನೋಡಿ. ಹೊಗೆ ನೇರವಾಗಿ ಜಾಲರಿಗೆ ಇಳಿಯಬೇಕು. ಎಲ್ಲಾದರೂ ಸುತ್ತಿ ಮೇಲೇರಿದರೆ ಬಣ್ಣವೂ ಅಲ್ಲೇ ಸುತ್ತುತ್ತದೆ. ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದು ಸಂದಿಗೆ ಹಿಡಿದಾಗ ಹೊಗೆ ಹೊರಕ್ಕೆ ವಾಲಬೇಕು. ಒಳಕ್ಕೆ ಎಳೆದರೆ ಶೆಡ್ಡಿನ ಧೂಳನ್ನು ಬೂತ್ ತಾನೇ ಕರೆದುಕೊಳ್ಳುತ್ತಿದೆ ಎಂದರ್ಥ.

ಗ್ಯಾರೇಜ್ ಮಾಲೀಕ, ಮಂಡ್ಯ

ಇಬ್ಬರಿಗೂ ಧನ್ಯವಾದಗಳು. ಅಡಿಗಟ್ಟಿನ ಬೂತ್‌ಗೆ ಹೊಸ ಕೊಟೇಶನ್ ಕೇಳಿದ್ದೇನೆ. ಬೂತ್‌ನ ಗಾಳಿ ಬಿಸಿ ಮಾಡಲು ಡೀಸೆಲ್ ಬರ್ನರ್ ಬದಲು 18 ಕಿಲೋವ್ಯಾಟ್ ವಿದ್ಯುತ್ ಹೀಟರ್ ಸಾಕೆನ್ನುತ್ತಿದ್ದಾರೆ. ಹೌದೇ?

ಬೂತ್ ವಿನ್ಯಾಸಕ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಸಾಲದು ಸರ್. ಬಣ್ಣ ಹೊಡೆಯುವಾಗ ಆ 28,800 ಘನ ಮೀಟರ್ ಗಾಳಿಯಷ್ಟೂ ಹೊರಗಿನಿಂದ ಹೊಸದಾಗಿ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಅದನ್ನು 17 ಡಿಗ್ರಿಯಿಂದ 25 ಡಿಗ್ರಿಗೆ ಏರಿಸಲು ಸುಮಾರು 75 ಕಿಲೋವ್ಯಾಟ್ ಶಾಖ ಬೇಕು. 18 ಕಿಲೋವ್ಯಾಟ್‌ನಿಂದ ಏರುವುದು ಎರಡು ಡಿಗ್ರಿ ಮಾತ್ರ. ಬೇಕಿಂಗ್ (ಹೊಡೆದ ಬಣ್ಣವನ್ನು ಬಿಸಿಗಾಳಿಯಲ್ಲಿ ಗಟ್ಟಿಗೊಳಿಸುವ) ವೇಳೆ ಬಹುಪಾಲು ಗಾಳಿ ಒಳಗೇ ಸುತ್ತುವುದರಿಂದ ಶಾಖ ಕಡಿಮೆ ಸಾಕು. ಆದರೂ ಲೋಹದ ಮೈ 60 ಡಿಗ್ರಿಗೆ ಏರಿ ಅರ್ಧ ಗಂಟೆ ಅಲ್ಲೇ ನಿಲ್ಲಬೇಕು, ಮತ್ತು ಆವಿ ಶೇಖರವಾಗದಂತೆ ಸ್ವಲ್ಪ ಹೊಸ ಗಾಳಿ ಬರುತ್ತಲೇ ಇರಬೇಕು. ಬರ್ನರ್‌ನ ಹೊಗೆ ಬೂತ್ ಗಾಳಿಗೆ ಬೆರೆಯದ, ಶಾಖ ವಿನಿಮಯ ಪೆಟ್ಟಿಗೆಯುಳ್ಳ ಡೀಸೆಲ್ ವ್ಯವಸ್ಥೆಯನ್ನೇ ಕೇಳಿ. ಕೊಟೇಶನ್ನಿನಲ್ಲಿ ಬ್ಲೋವರ್‌ನ ಹಾರ್ಸ್‌ಪವರ್ ಬರೆದರೆ ಸಾಲದು. ಫಿಲ್ಟರ್‌ಗಳೆಲ್ಲ ಕೂತ ಮೇಲೆ ಬೂತ್‌ನೊಳಗೆ ಅಳೆದ ಗಾಳಿವೇಗ ಎಷ್ಟಿರುತ್ತದೆಂದು ಬರೆಸಿಕೊಂಡು, ಗಾಳಿವೇಗ ಅಳೆಯುವ ಅನಿಮೋಮೀಟರ್ ಹಿಡಿದು ನಾಲ್ಕಾರು ಕಡೆ ಅಳೆದು ತೋರಿಸಿದ ನಂತರವೇ ಕೊನೆಯ ಕಂತು ಕೊಡಿ.