ಟಿಲ್ಲರ್ ಚಕ್ರದ ಹಬ್ ಕಚ್ಚಿಕೊಂಡಿದೆ, ಬಿಡಿಸೋದು ಹೇಗೆ?

ಶಿರಸಿ ತೋಟಿಗ:
ನಮ್ಮ ಅಡಿಕೆ ತೋಟದ ಹಳೇ ಪವರ್ ಟಿಲ್ಲರ್ ಎರಡು ಮಳೆಗಾಲ ಕೊಟ್ಟಿಗೆ ಪಕ್ಕ ಸುಮ್ನೆ ನಿಂತಿತ್ತು. ಅಪ್ಪಯ್ಯ ಕೊಂಡಿದ್ದು, ಗುಜರಿಗೆ ಹಾಕಲು ಮನಸ್ಸಿಲ್ಲ. ಆಯಿಲ್ ಸೀಲ್ ಬದಲಿಸಬೇಕು, ಆದರೆ ಬಲಗಡೆ ಚಕ್ರದ ಹಬ್ (ಚಕ್ರದ ನಡುವಿನ ಭಾಗ) ಆಕ್ಸಲ್‌ಗೆ ತುಕ್ಕು ಹಿಡಿದು ಕೂತಿದೆ. ಬೋಲ್ಟ್ ತೆಗೆದು ಸುತ್ತಿಗೆಯಿಂದ ಹೊಡೆದೂ ನೋಡಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ.

ಕುಮಟಾ ಮೆಕ್ಯಾನಿಕ್:
ಮೊದಲು ಹೊಡೆಯೋದು ನಿಲ್ಲಿಸಿ ಮಾರಾಯ್ರೆ. ಆಕ್ಸಲ್ ತುದಿ ಅರಳಿದರೆ ಹಬ್ ಆಮೇಲೆ ಬರೋದೇ ಇಲ್ಲ, ಪೆಟ್ಟು ಒಳಗಿನ ಬೇರಿಂಗ್‌ಗೂ ಹೋಗುತ್ತದೆ. ವಯರ್ ಬ್ರಷ್‌ನಿಂದ ತುಕ್ಕು ಕೆರೆದು, ಬೋಲ್ಟಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಗೇರ್ ಆಯಿಲ್ ಬೇಡ, ಅದು ದಪ್ಪ, ಸಂದಿಗೆ ಇಳಿಯೋದಿಲ್ಲ. ಬೆಳಿಗ್ಗೆ ಸಂಜೆ ಬಿಡುತ್ತಾ ಮೂರ್ನಾಲ್ಕು ದಿನ ಕಾಯಿರಿ. ಆಮೇಲೆ ಪುಲ್ಲರ್ (ಹಬ್ ಹೊರಗೆ ಎಳೆಯುವ ಸಾಧನ) ಹಾಕಿ ಬಿಗಿ ಮಾಡಿ, ಹಾಗೇ ಬಿಟ್ಟು, ಹಬ್ ಸುತ್ತ ಮೆಲ್ಲಗೆ ತಟ್ಟಿ, ಮತ್ತೆ ಸ್ವಲ್ಪ ಬಿಗಿ ಮಾಡಿ.

ಕಾರವಾರ ದೋಣಿಯವ:
ಇಲ್ಲಿ ಉಪ್ಪುಗಾಳಿ, ನಮಗೆ ಇದು ದಿನಾ ಇದ್ದದ್ದೇ. ಅಷ್ಟಕ್ಕೂ ಬರದಿದ್ದರೆ ಗ್ಯಾಸ್ ಟಾರ್ಚ್‌ನಿಂದ ಹಬ್ ಮಾತ್ರ ಕಾಯಿಸಿ, ಆಕ್ಸಲ್ ಅಲ್ಲ. ಹಬ್ ಹಿಗ್ಗಿದರೆ ಹಿಡಿತ ಸಡಿಲವಾಗುತ್ತದೆ. ಬಿಸಿಗೆ ಸೀಲ್ ಸುಡಬಹುದು, ಹೇಗೂ ಬದಲಿಸ್ತೀರಿ ಅಲ್ವಾ. ಆದರೆ ಬಿಟ್ಟ ಎಣ್ಣೆ ಪೂರ್ತಿ ಒರೆಸಿ, ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ದಯವಿಟ್ಟು ಇದನ್ನು ಮರೀಬೇಡಿ.

ಶಿರಸಿ ತೋಟಿಗ:
ಬಂತು! ಐದನೇ ದಿನ ಪುಲ್ಲರ್ ಬಿಗಿ ಮಾಡುವಾಗ ಟಕ್ ಅಂತ ಶಬ್ದ ಬಂತು, ಕಾಯಿಸುವ ಕೆಲಸವೇ ಬರಲಿಲ್ಲ. ಒಳಗೆ ಕೆಮ್ಮಣ್ಣಿನ ಹಾಗೆ ಕೆಂಪು ಪುಡಿ. ಇಬ್ಬರಿಗೂ ತುಂಬಾ ಉಪಕಾರ ಆಯ್ತು.

ಕುಮಟಾ ಮೆಕ್ಯಾನಿಕ್:
ಸಂತೋಷ. ತಿರುಗಿ ಕೂರಿಸುವಾಗ ಆಕ್ಸಲ್‌ಗೆ ಗ್ರೀಸ್ ಸವರಿ, ಎಡಗಡೆಯದನ್ನೂ ಈಗಲೇ ಬಿಚ್ಚಿ ನೋಡಿ.